16 ಎಂಬಿ ಇದ್ದರೂ ಮೆಮೊರಿ ಸಾಲದಂತೆ! ಏನು ಮಾಡಲಿ?

ಬೀದರ್‌ನಿಂದ ಪ್ರಶ್ನೆ: ಮುಚ್ಚಿಹೋದ ಟೈಪಿಂಗ್ ಕ್ಲಾಸಿನ ಹಳೇ 486 ಕಂಪ್ಯೂಟರ್ ಸಿಕ್ಕಿದೆ. ಪ್ರೊಸೆಸರ್ ಡಿಎಕ್ಸ್2-66, ಆಪರೇಟಿಂಗ್ ಸಿಸ್ಟಮ್ ಎಂಎಸ್-ಡಾಸ್ 6.22. ಆಟ ಹಾಕಿದರೆ ಮೆಮೊರಿ ಸಾಲದು ಅನ್ನುತ್ತದೆ. ಇನ್ನಷ್ಟು ರ್‍ಯಾಮ್ ಹಾಕಲೋ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ತರಲೋ?

ಕಲಬುರಗಿಯಿಂದ: ಎರಡೂ ಬೇಡ್ರಿ, ದುಡ್ಡು ಇಟ್ಟುಕೊಳ್ಳಿ. ನಾನು ರ್‍ಯಾಮ್ ತಂದು ಹಾಕಿ ಕೈ ಸುಟ್ಟುಕೊಂಡವನು. ಎಷ್ಟೋ ಡಾಸ್ ಆಟಗಳಿಗೆ ಮುಖ್ಯವಾಗಿ ಬೇಕಾದದ್ದು ಮೆಮೊರಿಯ ಮೊದಲ 640 ಕೆಬಿ. ಮನೆಯಲ್ಲಿ ಹತ್ತು ಕೋಣೆ ಇದ್ದರೂ ಮೌಸ್, ಸಿಡಿ ನಡೆಸುವ ಪುಟ್ಟ ಪ್ರೋಗ್ರಾಂಗಳಾದ ಡ್ರೈವರ್‌ಗಳೆಲ್ಲ ಪಡಸಾಲೆಯಲ್ಲೇ ಕೂತರೆ ಬಂದವರಿಗೆ ಜಾಗ ಎಲ್ಲಿ? ‘ಮೆಮ್ /ಸಿ’ ಆಜ್ಞೆ ಕೊಟ್ಟು ನೋಡಿ, ಯಾರು ಎಷ್ಟು ತಿಂದಿದ್ದಾರೆ ಅಂತ ಗೊತ್ತಾಗುತ್ತದೆ.

ಡಾಸ್ ಶುರುವಾಗುವಾಗ ಓದುವ ಫೈಲ್ ಕಾನ್ಫಿಗ್.ಸಿಸ್‌ನಲ್ಲಿ ಮೊದಲು ಹೈಮೆಮ್.ಸಿಸ್, ಆಮೇಲೆ ಇಎಂಎಂ386 (ಎರಡೂ ಮೆಮೊರಿ ನೋಡಿಕೊಳ್ಳುವ ಡ್ರೈವರ್), ಜೊತೆಗೆ ‘ಡಾಸ್=ಹೈ,ಯುಎಂಬಿ’ ಇರಲಿ. ಸಿಡಿ ಡ್ರೈವರನ್ನು ಡಿವೈಸ್‌ಹೈ ಹಾಕಿ ಮೇಲಕ್ಕೆ, ಅಂದರೆ 640 ಕೆಬಿ ಆಚೆಗಿನ ಭಾಗಕ್ಕೆ, ಕಳಿಸಿ. ಮೌಸ್ ಡ್ರೈವರ್ ಶುರುವಿನ ಇನ್ನೊಂದು ಫೈಲ್ ಆಟೋಎಕ್ಸೆಕ್.ಬ್ಯಾಟ್‌ನಲ್ಲಿದ್ದರೆ ಅದರ ಮುಂದೆ ಎಲ್‌ಎಚ್ ಬರೆಯಿರಿ. ಆಟ ಇಎಂಎಸ್ (ಹಳೇ ಬಗೆಯ ಹೆಚ್ಚುವರಿ ಮೆಮೊರಿ) ಕೇಳದಿದ್ದರೆ ಇಎಂಎಂ386ಕ್ಕೆ ‘ನೋಇಎಂಎಸ್’ ಸೇರಿಸಿ. ಮೇಲಿನ ಭಾಗದಲ್ಲಿ 64 ಕೆಬಿ ಉಳಿಯುತ್ತದೆ. ಕೇಳುವ ಆಟವೂ ಇದ್ದರೆ ಬೂಟ್ ಮೆನು ಮಾಡಿ ಎರಡು ದಾರಿ ಇಟ್ಟುಕೊಳ್ಳಿ. ಡ್ರೈವರುಗಳನ್ನು ಮೇಲಕ್ಕೆ ಕಳಿಸುವುದನ್ನು ಡಾಸ್‌ನ ಮೆಮ್‌ಮೇಕರ್ ತಾನೇ ಮಾಡುತ್ತದೆ, ಆದರೆ ನನಗೆ ಕೈಯಾರೆ ಬರೆದದ್ದೇ ಹಿಡಿಸಿತು.

ಯಾದಗಿರಿಯಿಂದ: ಅಣ್ಣ ಹೇಳಿದ್ದು ಸರಿ. ಕಾರ್ಡ್ ಬಗ್ಗೆ ನಾನು ಹೇಳುತ್ತೇನೆ. ಹಳೇ ಆಟಗಳಲ್ಲಿ ಎಷ್ಟೋ ಆಟಗಳ ಪರದೆ 320x200, 256 ಬಣ್ಣ. ಒಂದು ಪರದೆಗೆ 64,000 ಬೈಟ್ ಸಾಕು. 640x480ಕ್ಕೂ 300 ಕೆಬಿ ಅಷ್ಟೇ. ಅಂದಮೇಲೆ 1 ಎಂಬಿ ಕಾರ್ಡ್ ಧಾರಾಳ. ಅದರ ಮೆಮೊರಿ ನಿಮ್ಮ 640ಕ್ಕೆ ಸೇರುವುದೂ ಇಲ್ಲ. ನೋಡಬೇಕಾದದ್ದು ಕಾರ್ಡ್ ಕೂರುವ ಸ್ಲಾಟ್ ಯಾವ ಬಗೆ ಅಂತ: ಐಎಸ್‌ಎ, ವಿಎಲ್‌ಬಿ, ಪಿಸಿಐ. ಐಎಸ್‌ಎ ಸುಮಾರು 8 ಮೆಗಾಹರ್ಟ್ಸ್‌ನಲ್ಲಿ ತೆವಳುತ್ತದೆ, ವಿಎಲ್‌ಬಿ ನಿಮ್ಮ ಬೋರ್ಡಿನಲ್ಲಿ 33ರಲ್ಲಿ ಓಡುತ್ತದೆ. ಐಎಸ್‌ಎ ಒಂದೇ ಇದ್ದರೆ ತ್ಸೆಂಗ್ ಇಟಿ4000 ಹುಡುಕಿ, ವಿಎಲ್‌ಬಿ ಇದ್ದರೆ ಸಿರಸ್ ಲಾಜಿಕ್ 5428. ಪಿಸಿಐ ಇದ್ದರೆ ಎಸ್3 ಟ್ರಯೋ64 ಹಾಕಿ ಸುಮ್ನೆ ಕೂತುಬಿಡಿ.

ಒಂದು ಎಚ್ಚರಿಕೆ. ಕಪ್ಪುಬಿಳುಪು ಮಾನಿಟರಿನ ಬಿ000-ಬಿ7ಎಫ್‌ಎಫ್ ಜಾಗವನ್ನೂ ಇಎಂಎಂ386ಕ್ಕೆ ಕೊಟ್ಟರೆ ಇನ್ನೂ 32 ಕೆಬಿ ಸಿಗುತ್ತದೆ. ಆಸೆಗೆ ಕೊಟ್ಟೆ. ಆಟ ಶುರುವಾದ ತಕ್ಷಣ ಪರದೆ ಕಲಸಿಹೋಯಿತು! ಆ ಸಾಲು ತೆಗೆದೆ, ಸರಿಯಾಯಿತು. ಎಲ್ಲ ಕಾರ್ಡಿಗೂ ಇದು ಒಗ್ಗುವುದಿಲ್ಲ.

ಬೀದರ್‌ನಿಂದ: ಸಿಡಿ ಡ್ರೈವರ್, ಮೌಸ್ ಎರಡೂ ಕೆಳಗೇ ಕೂತಿದ್ದವು! ಮೇಲಕ್ಕೆ ಕಳಿಸಿದೆ, 531 ಇದ್ದದ್ದು 608 ಕೆಬಿ ಆಯಿತು. ಆಟ ಓಡಿತು. ಬೋರ್ಡಿನಲ್ಲಿ ನೀಲಿ ಡಬ್ಬಿಯಂಥ ಬ್ಯಾಟರಿ ಇದೆ, ಸುತ್ತ ಹಸಿರು ಪುಡಿ. ಏನದು?

ಕಲಬುರಗಿಯಿಂದ: ಅಯ್ಯೋ, ಆಟ ನಿಲ್ಲಿಸಿ! ಆ ಬ್ಯಾಟರಿ ಸೋರಿದೆ, ತಾಮ್ರದ ಗೆರೆಗಳನ್ನು ತಿನ್ನುತ್ತಿದೆ. ಇವತ್ತೇ ಕತ್ತರಿಸಿ ತೆಗೆಯಿರಿ, ವಿನಿಗರ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಸ್ಪಿರಿಟ್‌ನಿಂದ. ಪೂರ್ತಿ ಒಣಗುವ ತನಕ ಕರೆಂಟ್ ಕೊಡಬೇಡಿ. ನಮ್ಮ ಬಿಸಿಲಲ್ಲಿ ಒಣಗುವುದೇನು ತಡ ಆಗಲ್ಲ.