ಅಪ್‌ಡೇಟ್: ಟೊಯೋಟಾನಾ, ಹೋಂಡಾನಾ, ಸುಜುಕಿನಾ? ಗಾಡಿ ಮನೆಗೆ ಬಂತು

ಬಾಗಲಕೋಟೆಯಲ್ಲಿ ಮನೆ, ಮುಧೋಳದ ಹತ್ತಿರ ಹೊಲ, ಈ ಮೂರು ಕಂಪನಿಗಳಲ್ಲಿ ಯಾವ ಕಾರು ತಗೊಳ್ಳಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೋಂಡಾ ಎಲಿವೇಟ್ ತಗೊಂಡೆವು, ಪೆಟ್ರೋಲ್, ಮ್ಯಾನುವಲ್.

ಟೊಯೋಟಾ-ಸುಜುಕಿ ಜಗಳ ಮೊದಲೇ ಮುಗಿಯಿತು. ಟೊಯೋಟಾದ ಹೈರೈಡರ್, ಸುಜುಕಿಯ ಗ್ರ್ಯಾಂಡ್ ವಿಟಾರಾ ಒಂದೇ ತಾಯಿ ಮಕ್ಕಳು, ಎರಡೂ ತಯಾರಾಗುವುದು ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಟೊಯೋಟಾದ ಗ್ಲಾನ್ಜಾ ಅಂದ್ರೆ ಸುಜುಕಿಯ ಬಲೆನೋನೇ. ಲೋಗೋ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ವಾರಂಟಿ, ಸರ್ವೀಸ್ ನೋಡಿ.

ನನಗೆ ಆಸೆ ಇದ್ದದ್ದು ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರುವ ಮಾಡೆಲ್) ಮೇಲೆ. ಕಂಪನಿ ಹೇಳುವ ಮೈಲೇಜ್ ಲೀಟರ್‌ಗೆ 27.97 ಕಿ.ಮೀ. ಆದರೆ ಡಿಕ್ಕಿ ತೆಗೆದು ನೋಡಿದರೆ ಸಾಕಷ್ಟು ಜಾಗ ಬ್ಯಾಟರಿಗೇ ಹೋಗಿದೆ. ನಮ್ಮದು ಸುಗ್ಗಿಯಲ್ಲಿ ಜೋಳದ ಚೀಲ ಹೇರುವ ಮನೆ! ಬೆಲೆಯೂ ಜಾಸ್ತಿ. ಹೈಬ್ರಿಡ್ ಲಾಭ ಎದ್ದು ಕಾಣುವುದು ಸಿಟಿ ಟ್ರಾಫಿಕ್‌ನಲ್ಲಿ, ನಾವು ಓಡಾಡುವುದು ಊರಿಂದ ಊರಿಗೆ.

ಎಲಿವೇಟ್‌ಗೆ 220 ಎಂಎಂ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ), 458 ಲೀಟರ್ ಡಿಕ್ಕಿ. ಅವ್ವನಿಗೆ ಮೊಣಕಾಲು ನೋವು. ಹಿಂದಿನ ಬಾಗಿಲು ತೆಗೆದ ಕೂಡಲೇ ಸೀಟಿನ ಮೇಲೆ ಅಡ್ಡ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತಗೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ನನಗೆ ಅಷ್ಟು ಸಾಕಾಯ್ತು.

ಕೊರತೆ ಇಲ್ವಾ? ಇದೆ. 1.5 ಲೀಟರ್ ಎಂಜಿನ್, ಹೆಚ್ಚು ಶಕ್ತಿ ಕೊಡುವ ಟರ್ಬೋ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ದಾಟಬೇಕಾದರೆ ಗೇರ್ ಇಳಿಸಲೇಬೇಕು, ಆಗ ಎಂಜಿನ್ ಕೂಗುತ್ತದೆ. ಸರ್ವೀಸ್ ಸೆಂಟರ್‌ಗಳೂ ಸುಜುಕಿಯಷ್ಟು ಇಲ್ಲ.

ಇನ್ನೊಂದು ಮಾತು: ಒಂದು ಶೋರೂಮಿನವರು ಕೇಳದೇ ಆಕ್ಸೆಸರಿ ಸೇರಿಸಿ ಕೊಟೇಶನ್ ಕೊಟ್ಟಿದ್ದರು. ಸಾಲುಸಾಲಾಗಿ ಓದಿ, ಇನ್ಶೂರೆನ್ಸ್ ರೇಟನ್ನು ಹೊರಗೂ ವಿಚಾರಿಸಿ, ಆಮೇಲೆ ಅಡ್ವಾನ್ಸ್ ಕೊಡಿ.