ಕರ್ನಲ್ ಪ್ರಶ್ನೋತ್ತರ: ಸ್ಟ್ಯಾಕ್ ಟ್ರೇಸ್‌ಗೆ ಎಷ್ಟು ಆಳ ಸಾಕು?

ಅಡ್ಮಿನ್: ಇವತ್ತಿನ ವಿಷಯ: ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಅಡ್ರೆಸ್ ಪಟ್ಟಿ) ತೆಗೆಯುವಾಗ ಆಳಕ್ಕೆ, ಅಂದರೆ ಎಷ್ಟು ಎಂಟ್ರಿ ಅನ್ನುವುದಕ್ಕೆ, ಮಿತಿ ಹಾಕುವುದು. ಉತ್ತರ ಕೊಡುವವರು ಡ್ರೈವರ್ ಮತ್ತು ಟ್ರೇಸಿಂಗ್ ಕೆಲಸ ಮಾಡುವ ನಮ್ಮ ಮೇಡಂ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಫೈನಲ್ ಇಯರ್: ನಮಸ್ತೆ ಮೇಡಂ. ಮಿತಿ ಯಾಕೆ ಬೇಕು? ಬಂದಷ್ಟು ಬರಲಿ ಅಂತ ಬಿಟ್ಟರೆ ಏನಾಗುತ್ತದೆ?

ಮೇಡಂ: ನಮಸ್ತೆ. ಸಿಕ್ಕ ಅಡ್ರೆಸ್‌ಗಳನ್ನು ಎಲ್ಲೋ ಒಂದು ಕಡೆ ಇಡಬೇಕಲ್ವಾ? ಆ ಜಾಗಕ್ಕೆ ಅಳತೆ ಇದೆ. ಎಕ್ಸ್86 64 ಬಿಟ್‌ನಲ್ಲಿ ಒಂದು ಟಾಸ್ಕ್‌ನ ಕರ್ನಲ್ ಸ್ಟ್ಯಾಕ್ (ಫಂಕ್ಷನ್‌ಗಳು ತಮ್ಮ ಲೋಕಲ್ ಡೇಟಾ ಇಡುವ ಮೆಮೊರಿ) 16 ಕೆಬಿ. 2014ರವರೆಗೆ 8 ಕೆಬಿ ಇತ್ತು. ಯೂಸರ್ ಪ್ರೋಗ್ರಾಂನ ಸ್ಟ್ಯಾಕ್ ತರ ಇದು ತಾನಾಗಿ ಬೆಳೆಯುವುದಿಲ್ಲ. ಟ್ರೇಸ್ ಇಡುವ ಅರೇಯನ್ನೂ ಅದರೊಳಗೇ ತುರುಕಿದರೆ ನೀವು ಹುಡುಕುತ್ತಿರುವ ಬಗ್ ಜೊತೆ ಇನ್ನೊಂದು ಸೇರುತ್ತದೆ.

ಪೆಂಗ್ವಿನ್ ಪ್ರಿಯ: 16 ಅಂತ ಮಿತಿ ಹಾಕಿದರೆ ಯಾವ ತುದಿ ಕತ್ತರಿಸಿ ಹೋಗುತ್ತದೆ?

ಮೇಡಂ: ಹೊರಗಿನ ತುದಿ. ಈಗ ಓಡುತ್ತಿರುವ ಫಂಕ್ಷನ್‌ನಿಂದ ಶುರುವಾಗಿ ಕರೆದವರ ಕಡೆಗೆ ಹೋಗುತ್ತದೆ. ಹಾಗಾಗಿ ಮೊದಲು ಕಾಣೆಯಾಗುವುದು ಸಿಸ್ಟಂ ಕಾಲ್ ಒಳಗೆ ಬಂದ ಜಾಗ. ವಾಪಸ್ ಬಂದ ಸಂಖ್ಯೆ ನೀವು ಕೊಟ್ಟ ಮಿತಿಗೆ ಸಮ ಇದ್ದರೆ ‘ಇನ್ನೂ ಇರಬಹುದು’ ಅಂತ ಲಾಗ್‌ನಲ್ಲಿ ಗುರುತು ಹಾಕಿ. ಇಲ್ಲದಿದ್ದರೆ ಅರ್ಧ ಟ್ರೇಸನ್ನೇ ಪೂರ್ತಿ ಅಂದುಕೊಂಡು ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ಹೆಬ್ಬಾಳ ಫ್ಲೈಓವರ್: ನನಗೆ ಬಂದ ಮೆಸೇಜ್, ಎಲ್ಲರಿಗೂ ಉಪಯೋಗ ಆಗಲಿ: ‘ಕರ್ನಲ್ ಸ್ಟ್ಯಾಕ್ ತುಂಬಿದರೆ 3 ಪರಿಹಾರ. 1) ಯುಲಿಮಿಟ್ ಅನ್‌ಲಿಮಿಟೆಡ್ ಹಾಕಿ. 2) ವಿಮ್ಯಾಪ್ ಸ್ಟ್ಯಾಕ್ ಆಫ್ ಮಾಡಿ, ಪ್ಯಾನಿಕ್ ನಿಲ್ಲುತ್ತದೆ. 3) ಫ್ರೇಮ್ ವಾರ್ನ್ ಸೊನ್ನೆ ಮಾಡಿ.’ 🙏

ಮೇಡಂ: ಫಾರ್ವರ್ಡ್ ಬೇಡ ಅಂತ ಮೇಲೇ ಬರೆದಿದೆ. ಆದರೂ ಯಾರಾದರೂ ಮಾಡಿಬಿಟ್ಟಾರು ಅಂತ ಹೇಳುತ್ತೇನೆ. ಯುಲಿಮಿಟ್ ಅನ್ನುವ ಶೆಲ್ ಕಮಾಂಡ್ ಯೂಸರ್ ಪ್ರೋಗ್ರಾಂನ ಸ್ಟ್ಯಾಕ್‌ಗೆ. ಕರ್ನಲ್ ಸ್ಟ್ಯಾಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು ಅಪಾಯ. ವಿಮ್ಯಾಪ್ ಸ್ಟ್ಯಾಕ್ 2016ರಲ್ಲಿ 4.9ಕ್ಕೆ ಬಂದಿದ್ದೇ ಸ್ಟ್ಯಾಕ್ ಪಕ್ಕ ಗಾರ್ಡ್ ಪೇಜ್ (ಮುಟ್ಟಿದರೆ ಫಾಲ್ಟ್ ಆಗುವ ಖಾಲಿ ಪುಟ) ಇಡಲಿಕ್ಕೆ. ತುಂಬಿ ಹೊರಗೆ ಹೋದ ತಕ್ಷಣ ಮಷೀನ್ ಸತ್ತು ಹೇಳುತ್ತದೆ. ಅದನ್ನು ತೆಗೆದರೆ ಪ್ಯಾನಿಕ್ ನಿಲ್ಲಬಹುದು, ಪಕ್ಕದ ಮೆಮೊರಿ ಸದ್ದಿಲ್ಲದೆ ಹಾಳಾಗುತ್ತದೆ. ಡಿಸ್ಕ್‌ಗೆ ಕಸ ಬರೆದ ಮೇಲೆ ಗೊತ್ತಾಗುತ್ತದೆ. ಮೂರನೆಯದು, ಫಂಕ್ಷನ್ ಸ್ಟ್ಯಾಕ್‌ನಲ್ಲಿ ಜಾಸ್ತಿ ಜಾಗ ಹಿಡಿದರೆ ಕಂಪೈಲರ್ ಕೊಡುವ ಎಚ್ಚರಿಕೆಯ ಬಾಯಿ ಮುಚ್ಚಿಸುವುದು, ಅಷ್ಟೇ. ಮೆಸೇಜ್ ಡಿಲೀಟ್ ಮಾಡಿ.

ರಾತ್ರಿ ಪಾಳಿ: ಮೇಡಂ, ಆ ಮೂರನೆಯದನ್ನು ನಮ್ಮಲ್ಲಿ ಈಗಾಗಲೇ ಮಾಡಿದ್ದಾರೆ. ಕಂಪನಿ ಒಳಗಿನ ಡ್ರೈವರ್, ಕರ್ನಲ್ 6.1, ಎಕ್ಸ್86. ಒಂದು ಡೀಬಗ್ ಫಂಕ್ಷನ್ ಇದೆ. ಅದರಲ್ಲಿ ಲೋಕಲ್ ಆಗಿ ‘ಅನ್‌ಸೈನ್ಡ್ ಲಾಂಗ್ ಎಂಟ್ರೀಸ್[256]’. ಕಂಪೈಲರ್ ‘ಫ್ರೇಮ್ 2048 ಬೈಟ್‌ಗಿಂತ ದೊಡ್ಡದು’ ಅಂದಿತು. ಸೀನಿಯರ್ ಒಬ್ಬರು ವಾರ್ನಿಂಗನ್ನೇ ಆಫ್ ಮಾಡಿದರು. ಆಳ ಎಷ್ಟು ಬೇಕು ಅಂತ ಯೂಸರ್ ಕಡೆಯಿಂದ ಐಓಸಿಟಿಎಲ್‌ನಲ್ಲಿ (ಡ್ರೈವರ್‌ಗೆ ಆದೇಶ ಕಳಿಸುವ ಸಿಸ್ಟಂ ಕಾಲ್) ‘ಇಂಟ್’ ಆಗಿ ಬರುತ್ತದೆ. ‘ಮಿನ್(ಡೆಪ್ತ್, 256)’ ಹಾಕಿದ್ದೇವೆ. ಆಮೇಲೆ ಡೆಪ್ತ್ ಗುಣಿಸು 8 ಬೈಟ್ ಯೂಸರ್‌ಗೆ ಕಾಪಿ. ಇದೇ ಫಂಕ್ಷನ್ನನ್ನು ಪರ್ಫ್ (ಕರ್ನಲ್‌ನ ಪ್ರೊಫೈಲಿಂಗ್ ಸಾಧನ) ಕೌಂಟರ್ ಓವರ್‌ಫ್ಲೋ ಹ್ಯಾಂಡ್ಲರ್‌ನಿಂದಲೂ ಕರೆಯುತ್ತೇವೆ, ಅಲ್ಲಿ ಕಾಪಿ ಬದಲು ಪ್ರಿಂಟ್. ಲ್ಯಾಬ್‌ನಲ್ಲಿ ಸರಿ ಇದೆ. ಗ್ರಾಹಕರ ಮಷೀನ್ ಆಗಾಗ ‘ಎನ್‌ಎಂಐ ಸ್ಟ್ಯಾಕ್ ಗಾರ್ಡ್ ಪೇಜ್’ ಅಂತ ಬರೆದು ಸಾಯುತ್ತದೆ. ಮಿತಿ ಇದ್ದರೂ ಯಾಕೆ?

ಮೇಡಂ: ಇದು ನನಗೆ ನಿಜವಾಗಿಯೂ ಚಿಂತೆ ತಂದ ಪ್ರಶ್ನೆ. ಸಾಯುತ್ತಿರುವುದು ಒಂದು ಬಗ್‌ನಿಂದ. ಅದಕ್ಕಿಂತ ಕೆಟ್ಟ ಎರಡು ನಿಮಗೆ ಕಂಡೇ ಇಲ್ಲ.

ಮೊದಲು ಸಾವಿನ ಕಾರಣ. ಆ ಓವರ್‌ಫ್ಲೋ ಹ್ಯಾಂಡ್ಲರ್ ಎನ್‌ಎಂಐ (ತಡೆಹಿಡಿಯಲಾಗದ ಇಂಟರಪ್ಟ್) ಒಳಗೆ ಓಡುತ್ತದೆ. ಎನ್‌ಎಂಐಗೆ ಪ್ರತ್ಯೇಕ ಸ್ಟ್ಯಾಕ್, ಅದರ ಅಳತೆ 16 ಕೆಬಿ ಅಲ್ಲ, 8 ಕೆಬಿ. 256 ಎಂಟ್ರಿ ಅಂದರೆ 2048 ಬೈಟ್. ಕಾಲು ಭಾಗ ಸ್ಟ್ಯಾಕ್ ನಿಮ್ಮ ಅರೇಗೇ ಹೋಯಿತು. ನಿಮಗಿಂತ ಮೊದಲು ಎನ್‌ಎಂಐ ಎಂಟ್ರಿ, ಪಿಎಂಯು (ಸಿಪಿಯುನ ಎಣಿಕೆ ಘಟಕ) ಹ್ಯಾಂಡ್ಲರ್, ಪರ್ಫ್ ಕೂತಿವೆ. ನಿಮ್ಮ ಕೆಳಗೆ ಅನ್‌ವೈಂಡರ್ (ಸ್ಟ್ಯಾಕ್ ಓದಿ ಟ್ರೇಸ್ ಕಟ್ಟುವ ಕೋಡ್), ಅದರ ಸ್ಟೇಟ್, ಆಮೇಲೆ ಲಾಗ್ ಬರೆಯುವ ಪ್ರಿಂಟ್‌ಕೆ. ಲ್ಯಾಬ್‌ನಲ್ಲಿ ಸ್ವಲ್ಪದರಲ್ಲಿ ಹಿಡಿಸಿದೆ. ಗ್ರಾಹಕರ ಕಾನ್ಫಿಗ್‌ನಲ್ಲಿ ಫ್ರೇಮ್‌ಗಳು ದೊಡ್ಡದಿರಬಹುದು, ಬೇರೆ ದಾರಿ ಹಿಡಿದಿರಬಹುದು. ಮಿತಿ 256 ಅಂತ ಬರೆದರೂ ಅರೇ ಇಡೀ ಜಾಗ ಹಿಡಿಯುತ್ತದೆ. ಟ್ರೇಸ್ 5 ಸಾಲು ಬಂದರೂ ಅಷ್ಟೇ, 50 ಬಂದರೂ ಅಷ್ಟೇ.

ಎರಡನೆಯದು ಆ ‘ಇಂಟ್’. ಯೂಸರ್ ಮೈನಸ್ 1 ಕಳಿಸಿದರೆ ಮಿನ್ ಏನು ಕೊಡುತ್ತದೆ? ಮೈನಸ್ 1. ಟ್ರೇಸ್ ತುಂಬಿಸುವ ಕರ್ನಲ್ ಫಂಕ್ಷನ್ ಸ್ಟ್ಯಾಕ್_ಟ್ರೇಸ್_ಸೇವ್‌ಗೆ ಸೈಜ್ ಅನ್‌ಸೈನ್ಡ್ (ಮೈನಸ್ ಇಲ್ಲದ ಸಂಖ್ಯೆ) ಆಗಿ ಹೋಗುತ್ತದೆ, ಅಂದರೆ 4294967295. ಮಿತಿಯೇ ಇಲ್ಲ. ನಿಜವಾದ ಟ್ರೇಸ್ ತಾನೇ 256ಕ್ಕೆ ಮುಂಚೆ ಮುಗಿಯುತ್ತಿದೆ, ಅದಕ್ಕೆ ಏನೂ ಆಗಿಲ್ಲ. ನಾಳೆ ಯಾರೋ ಅರೇಯನ್ನು 16ಕ್ಕೆ ಇಳಿಸಿದ ದಿನ ಅದು ಗೋಡೆ ದಾಟಿ ಬರೆಯುತ್ತದೆ. ಡೆಪ್ತ್ ಅನ್‌ಸೈನ್ಡ್ ಮಾಡಿ, ಮಿನ್_ಟಿ ಹಾಕಿ, ಸೊನ್ನೆ ಬಂದರೆ ಎರರ್ ಕೊಡಿ.

ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಗಂಭೀರ. ಸ್ಟ್ಯಾಕ್_ಟ್ರೇಸ್_ಸೇವ್ ಎಷ್ಟು ತುಂಬಿಸಿತು ಅಂತ ಸಂಖ್ಯೆ ವಾಪಸ್ ಕೊಡುತ್ತದೆ. ನೀವು ಅದನ್ನು ಬಿಟ್ಟು ಡೆಪ್ತ್ ಲೆಕ್ಕದಲ್ಲಿ ಕಾಪಿ ಮಾಡುತ್ತಿದ್ದೀರಿ. ಟ್ರೇಸ್ 30 ಇದ್ದು ಡೆಪ್ತ್ 256 ಇದ್ದರೆ ಉಳಿದ 226 ಜಾಗದಲ್ಲಿ ಏನಿತ್ತೋ ಅದು, ಹಳೇ ಸ್ಟ್ಯಾಕ್‌ನ ಕಸ, ಸೀದಾ ಯೂಸರ್ ಕೈಗೆ. ಅದರಲ್ಲಿ ಕೀ ಇರಬಹುದು, ಪಾಯಿಂಟರ್ ಇರಬಹುದು. ಟ್ರೇಸ್‌ನ ಅಡ್ರೆಸ್‌ಗಳೇ ಕರ್ನಲ್ ಎಲ್ಲಿ ಕೂತಿದೆ ಅಂತ ಬಿಟ್ಟುಕೊಡುತ್ತವೆ. ಪ್ರಾಕ್ (ಕರ್ನಲ್ ಮಾಹಿತಿ ತೋರಿಸುವ ಫೋಲ್ಡರ್) ಒಳಗಿನ ‘ಸ್ಟ್ಯಾಕ್’ ಫೈಲನ್ನು ರೂಟ್‌ಗೆ ಮಾತ್ರ ಮಾಡಿದ್ದು ಸುಮ್ನೆ ಅಲ್ಲ.

ಏನು ಮಾಡಬೇಕು: ಐಓಸಿಟಿಎಲ್ ದಾರಿಗೆ ಡಿವೈಸ್ ಓಪನ್ ಆಗುವಾಗಲೇ 64 ಎಂಟ್ರಿಯ ಬಫರ್ ಕೆಮಲಾಕ್‌ನಿಂದ ಹೀಪ್ ಮೆಮೊರಿಯಲ್ಲಿ ತೆಗೆದಿಟ್ಟುಕೊಳ್ಳಿ, ಇಬ್ಬರು ಒಟ್ಟಿಗೆ ಬಂದರೆ ಅಂತ ಒಂದು ಮ್ಯೂಟೆಕ್ಸ್ ಲಾಕ್. ಎನ್‌ಎಂಐ ದಾರಿಗೆ ಅದು ಆಗುವುದಿಲ್ಲ. ಅಲ್ಲಿ ಅಲೊಕೇಷನ್ ಬೇಡ, ಲಾಕ್ ಬೇಡ. ಪ್ರತಿ ಸಿಪಿಯುಗೆ ಮೊದಲೇ ತೆಗೆದಿಟ್ಟ ಬಫರ್, ಜೊತೆಗೆ ‘ಬಳಕೆಯಲ್ಲಿದೆ’ ಅಂತ ಒಂದು ಗುರುತು. ಬಳಕೆಯಲ್ಲಿದ್ದರೆ ಆ ಟ್ರೇಸ್ ಬಿಟ್ಟುಬಿಡಿ, ಬಿಟ್ಟಿದ್ದನ್ನು ಎಣಿಸಿ. ಪರ್ಫ್ ಕೂಡ ಹೀಗೇ ಮಾಡುತ್ತದೆ: ಟಾಸ್ಕ್, ಸಾಫ್ಟ್ ಐಆರ್‌ಕ್ಯು, ಹಾರ್ಡ್ ಐಆರ್‌ಕ್ಯು, ಎನ್‌ಎಂಐ ನಾಲ್ಕಕ್ಕೂ (ಐಆರ್‌ಕ್ಯು ಅಂದರೆ ಇಂಟರಪ್ಟ್) ಬೇರೆ ಬೇರೆ ಬಫರ್, ಒಂದರ ಮೇಲೊಂದು ಬಂದು ಅಳಿಸದಿರಲಿ ಅಂತ. ಅದಕ್ಕೇ ಅದರ 127ರ ಮಿತಿ ಸ್ಟ್ಯಾಕ್‌ಗೆ ಭಾರ ಆಗುವುದಿಲ್ಲ. ಪ್ರಿಂಟ್ ಅಲ್ಲಿಂದ ತೆಗೆದು, ಎನ್‌ಎಂಐ ಮುಗಿದ ಮೇಲೆ ಓಡುವ ಐಆರ್‌ಕ್ಯು ವರ್ಕ್‌ಗೆ ಹಾಕಿ. ಫ್ರೇಮ್ ವಾರ್ನ್ ಇವತ್ತೇ 2048ಕ್ಕೆ ವಾಪಸ್.

ರಾತ್ರಿ ಪಾಳಿ: ಮೂರನೆಯದು ಓದಿ ಬೆವರು ಬಂತು ಮೇಡಂ. ಪ್ಯಾಚ್ ಹಾಕಿ ತೋರಿಸುತ್ತೇನೆ.

ಜಾವಾ ಜೀವ: ಮೇಡಂ, ಪರ್ಫ್‌ನ ಮ್ಯಾಕ್ಸ್ ಸ್ಟ್ಯಾಕ್ 127ರಿಂದ ಏರಿಸಲು ಹೋದರೆ ‘ಬ್ಯುಸಿ’ ಅನ್ನುತ್ತದೆ.

ಮೇಡಂ: ಕಾಲ್‌ಚೈನ್ (ಸ್ಟ್ಯಾಕ್ ಟ್ರೇಸ್) ತೆಗೆಯುವ ಪರ್ಫ್ ಓಡುತ್ತಿದೆ. ನಿಲ್ಲಿಸಿ, ಆಮೇಲೆ ಬದಲಿಸಿ.

ಬೋರ್ಡ್ ಬ್ರಿಂಗಪ್: 16 ಕೆಬಿ ಅಂತೀರಿ. ನಮ್ಮದು 32 ಬಿಟ್ ಆರ್ಮ್, 8 ಕೆಬಿ ಅಷ್ಟೇ. ಪ್ಯಾಕೆಟ್ ಡ್ರಾಪ್ ಆದಾಗಲೆಲ್ಲ ಡಂಪ್_ಸ್ಟ್ಯಾಕ್ ಹಾಕಿದ್ದೇನೆ. ಬೋರ್ಡ್ ಹ್ಯಾಂಗ್ ಆಗುತ್ತದೆ.

ಮೇಡಂ: ನಿಮ್ಮ ತೊಂದರೆ ಸ್ಟ್ಯಾಕ್ ಅಲ್ಲ, ಸೀರಿಯಲ್ ಕನ್ಸೋಲ್. 115200 ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರ. 30 ಸಾಲಿನ ಒಂದು ಟ್ರೇಸ್ ಸೆಕೆಂಡಿನ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತಿನ್ನುತ್ತದೆ. ಡಂಪ್_ಸ್ಟ್ಯಾಕ್‌ಗೆ ಆಳ ಹೇಳುವ ಅವಕಾಶ ಇಲ್ಲ. ಸ್ಟ್ಯಾಕ್_ಟ್ರೇಸ್_ಸೇವ್‌ನಲ್ಲಿ 8 ಎಂಟ್ರಿ ತೆಗೆದು ಸ್ಟ್ಯಾಕ್_ಟ್ರೇಸ್_ಪ್ರಿಂಟ್ ಕೊಡಿ, ರೇಟ್ ಲಿಮಿಟ್ ಹಾಕಿ. 8 ಎಂಟ್ರಿ ನಿಮ್ಮಲ್ಲಿ 32 ಬೈಟ್, ಅದು ಲೋಕಲ್ ಇದ್ದರೂ ಪರವಾಗಿಲ್ಲ.

ಹಳೇ ಕಂಪೈಲರ್: ಇಷ್ಟೆಲ್ಲ ಯಾಕೆ? ಫ್ರೇಮ್ ಪಾಯಿಂಟರ್ (ಪ್ರತಿ ಫಂಕ್ಷನ್ ತನ್ನ ಸ್ಟ್ಯಾಕ್ ಜಾಗ ಗುರುತಿಡುವ ರಿಜಿಸ್ಟರ್) ಆನ್ ಮಾಡಿದರೆ ಟ್ರೇಸ್ ಸರಿಯಾಗಿ ಬರುತ್ತದೆ. ಓಆರ್‌ಸಿ ಎಲ್ಲ ಶೋಕಿ.

ಪೆಂಗ್ವಿನ್ ಪ್ರಿಯ: ಗುರು, ಓಆರ್‌ಸಿ (ಫ್ರೇಮ್ ಪಾಯಿಂಟರ್ ಇಲ್ಲದೆ ಟೇಬಲ್ ನೋಡಿ ಟ್ರೇಸ್ ಕಟ್ಟುವ ಅನ್‌ವೈಂಡರ್) 2017ರಲ್ಲೇ 4.14ಕ್ಕೆ ಬಂತು. ಫ್ರೇಮ್ ಪಾಯಿಂಟರ್‌ನಿಂದ ಕೆಲವು ಕೆಲಸಗಳು 5ರಿಂದ 10% ನಿಧಾನ ಅಂತ ಕರ್ನಲ್ ಡಾಕ್ಯುಮೆಂಟಲ್ಲೇ ಇದೆ. ಓದಿ.

ಹಳೇ ಕಂಪೈಲರ್: ಹಾಗಾದರೆ ಫೆಡೋರಾ 38 ಯಾಕೆ ಫ್ರೇಮ್ ಪಾಯಿಂಟರ್ ವಾಪಸ್ ತಂದಿತು? ಅವರು ದಡ್ಡರಾ?

ಪೆಂಗ್ವಿನ್ ಪ್ರಿಯ: ಅದು ಯೂಸರ್ ಪ್ಯಾಕೇಜ್‌ಗಳಿಗೆ. ಇಲ್ಲಿ ಮಾತು ಕರ್ನಲ್ ಬಗ್ಗೆ. ವಿಷಯ ಗೊತ್ತಿಲ್ಲದೆ ಬರಬೇಡಿ.

ಹಳೇ ಕಂಪೈಲರ್: ನೀನು ಹುಟ್ಟುವ ಮೊದಲೇ ನಾನು ಕರ್ನಲ್ ಕಂಪೈಲ್ ಮಾಡಿದ್ದೆ.

ಪೆಂಗ್ವಿನ್ ಪ್ರಿಯ: ಕಂಪೈಲ್ ಮಾಡಿದ್ದಿರಿ. ಓದಿದ್ದಿರಾ?

ವಿಂಡೋಸ್ ಡ್ರೈವರ್: ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ವಿಂಡೋಸ್ ಕರ್ನಲ್‌ನಲ್ಲಿ ಇದೇ ಕೆಲಸಕ್ಕೆ ಮಿತಿ ಎಷ್ಟು ಇಡಬೇಕು?

ಹಳೇ ಕಂಪೈಲರ್: ಅಡ್ಮಿನ್, ಹಿರಿಯರಿಗೆ ಹೀಗೆ ಮಾತಾಡುವುದು ಸರಿನಾ?

ಮೇಡಂ: ಇಬ್ಬರೂ ಬಿಡಿ. ಅನ್‌ವೈಂಡರ್ ಯಾವುದಾದರೂ ಬಫರ್ ಎಲ್ಲಿದೆ, ಯಾವ ಸಂದರ್ಭದಲ್ಲಿ ಕರೆದಿರಿ ಅನ್ನುವ ಲೆಕ್ಕ ಬದಲಾಗುವುದಿಲ್ಲ.

ಫೈನಲ್ ಇಯರ್: ಕೊನೆಗೆ ಒಂದು ನಂಬರ್ ಹೇಳಿ ಮೇಡಂ. ಇಂಟರ್‌ವ್ಯೂಗೆ.

ಮೇಡಂ: ಒಂದೇ ನಂಬರ್ ಇಲ್ಲ. ಪೇಜ್ ಓನರ್ (ಯಾವ ಮೆಮೊರಿ ಪುಟ ಯಾರು ತೆಗೆದರು ಅಂತ ನೋಡುವುದು) 16, ಕಸಾನ್ (ಮೆಮೊರಿ ತಪ್ಪು ಹಿಡಿಯುವುದು) 64, ಪ್ರಾಕ್ ಸ್ಟ್ಯಾಕ್ 64. ಯಾಕೆ ಬೇರೆ ಬೇರೆ ಅಂತ ನೀವೇ ಯೋಚಿಸಿ.

ಕೆಆರ್ ಪುರಂ: 32 ಸಾಕಾ ಮೇಡಂ?

ಮೇಡಂ: ಎಲ್ಲಿಗೆ?

ಕೆಆರ್ ಪುರಂ: ಜನರಲ್ ಆಗಿ.

ಹೆಬ್ಬಾಳ ಫ್ಲೈಓವರ್: ಇನ್ನೊಂದು ಗ್ರೂಪಿನಲ್ಲಿ ಯುಲಿಮಿಟ್ ಹಾಕಿ ಸರಿ ಹೋಯಿತು ಅಂತ ಒಬ್ಬರು ಬರೆದಿದ್ದಾರೆ. ಅವರೂ ಇಂಜಿನಿಯರೇ.

ಮೇಡಂ: ಅವರನ್ನೇ ಕೇಳಿ.

ರಾತ್ರಿ ಪಾಳಿ: ಪ್ಯಾಚ್ ಹಾಕಿದ್ದೇನೆ ಮೇಡಂ. ಬಫರ್ ಹೊರಗೆ ಹೋಯಿತು, ಡೆಪ್ತ್ ಅನ್‌ಸೈನ್ಡ್, ವಾರ್ನಿಂಗ್ ಮತ್ತೆ ಆನ್. ಬಿಲ್ಡ್ ಕ್ಲೀನ್.

ಮೇಡಂ: ನೋಡಿದೆ. ಎನ್‌ಎಂಐ ಭಾಗ ಸರಿ ಇದೆ. ಕಾಪಿ ಮಾಡುವ ಸಾಲಿನಲ್ಲಿ ಇನ್ನೂ ಡೆಪ್ತ್ ಇದೆ, ವಾಪಸ್ ಬಂದ ಸಂಖ್ಯೆ ಹಾಕಿ. ಬಫರ್ ಸೊನ್ನೆ ತುಂಬಿಸಿ ಕೊಡುವ ಕೆಝಲಾಕ್ ಅಲ್ಲ, ಕೆಮಲಾಕ್, ಹಾಗಾಗಿ ಕಸ ಈಗಲೂ ಹೋಗುತ್ತಿದೆ. ಮೊದಲು ಸ್ಟ್ಯಾಕ್ ಕಸ ಹೋಗುತ್ತಿತ್ತು, ಈಗ ಬೇರೆಯವರು ಬಿಟ್ಟ ಹೀಪ್ ಕಸ. ಗ್ರಾಹಕರ ಹತ್ತಿರ ಇರುವ ಹಳೇ ಡ್ರೈವರ್‌ನಲ್ಲಿ ಆ ಐಓಸಿಟಿಎಲ್ ಯಾರು ಬೇಕಾದರೂ ಕರೆಯಬಹುದಾ? ಹೌದು ಅಂದರೆ ನಿಮ್ಮ ಸೆಕ್ಯೂರಿಟಿ ತಂಡಕ್ಕೆ ಇವತ್ತೇ ಹೇಳಿ. ಇಲ್ಲಿ ಇನ್ನು ವಿವರ ಬರೆಯಬೇಡಿ.

ಕೆಆರ್ ಪುರಂ: ಮೇಡಂ, 32?