ಸೋಲಾರ್ ಇದ್ದರೂ ಬೆಳಿಗ್ಗೆ ಉಗುರುಬೆಚ್ಚಗಿನ ನೀರು, ಕರೆಂಟ್ ಬಿಲ್ ಜಾಸ್ತಿ

ಹಾಸನದ_ಮನೆ:
ನಮಸ್ಕಾರ. ತಾರಸಿ ಮೇಲೆ 200 ಲೀಟರ್ ಸೋಲಾರ್ ಇದೆ, ಗಾಜಿನ ಕೊಳವೆಯದ್ದು. ಡಿಸೆಂಬರ್‌ನಿಂದ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರೇ ಬರುತ್ತಿದೆ. ಅಮ್ಮನಿಗೆ ಮಂಡಿನೋವು, ತಣ್ಣೀರು ಆಗೋದಿಲ್ಲ. ಅದಕ್ಕೆ ರಾತ್ರಿಯಿಡೀ ಬ್ಯಾಕಪ್ ಕಾಯಿಲ್ (ಟ್ಯಾಂಕ್‌ನೊಳಗೆ ಕರೆಂಟಿನಿಂದ ನೀರು ಕಾಯಿಸೋದು) ಹಾಕಿಡುತ್ತೇವೆ. ಬಿಲ್ ಏರಿತು, ನೀರು ಮಾತ್ರ ಹಾಗೇ ಇದೆ. ಬಿಸಿಲು ಚೆನ್ನಾಗಿದೆ, ಕೊಳವೆ ಮೇಲಿನ ಧೂಳೂ ಒರೆಸಿದ್ದಾಯ್ತು. ಹೊಸ ಟ್ಯಾಂಕ್ ಹಾಕಿಸಬೇಕಾ?

ನಲ್ಲಿ_ಪೈಪು:
ಸ್ವಲ್ಪ ತಡೆಯಿರಿ, ದುಡ್ಡು ಹಾಕಬೇಡಿ. ಬಿಸಿಲೂ ಇದೆ, ಕಾಯಿಲ್ಲೂ ಉರಿಯುತ್ತಿದೆ ಅಂದರೆ ಟ್ಯಾಂಕ್‌ನಲ್ಲಿ ನೀರು ಕಾದೇ ಇರುತ್ತೆ. ಕೆಳಗೆ ಬರುವ ದಾರಿಯಲ್ಲಿ ತಣ್ಣೀರು ಸೇರುತ್ತಿರಬಹುದು. ಮೊದಲು ಕಾಯಿಲ್ ಆಫ್ ಮಾಡಿ. ಸೋಲಾರ್‌ಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ. ಈಗ ಬಚ್ಚಲಿನ ಬಿಸಿನೀರಿನ ನಲ್ಲಿ ಬಿಡಿ. ಪೈಪಿನಲ್ಲಿರೋದು ಬಂದು ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಎಲ್ಲೋ ಎರಡೂ ಲೈನ್ ಕೂಡಿಕೊಂಡಿವೆ. ಬಿಸಿನೀರು, ತಣ್ಣೀರು ಎರಡೂ ಬೆರೆತು ಬರುವ ಮಿಕ್ಸರ್ ನಲ್ಲಿಗಳನ್ನೆಲ್ಲ ನೋಡಿ.

ಹಾಸನದ_ಮನೆ:
ನೀವು ಹೇಳಿದ್ದು ಸರಿಯಾಗಿತ್ತು! ನೀರು ನಿಲ್ಲಲೇ ಇಲ್ಲ. ಮೇಲಿನ ಬಚ್ಚಲಿನ ಮಿಕ್ಸರ್‌ಗೆ ಹ್ಯಾಂಡ್ ಶವರ್ ಇದೆ. ಎರಡೂ ತಿರುಪು ತೆರೆದೇ ಇಟ್ಟು, ಶವರ್‌ನ ಬಟನ್ ಮಾತ್ರ ಒತ್ತಿ ನಿಲ್ಲಿಸುತ್ತಿದ್ದೆವು. ತಿರುಪು ಮುಚ್ಚಿದ ತಕ್ಷಣ ಕೆಳಗಿನ ನಲ್ಲಿಯೂ ನಿಂತಿತು. ವಾಲ್ವ್ ಮತ್ತೆ ತೆರೆದೆ. ಇವತ್ತು ಬೆಳಿಗ್ಗೆ ಬಕೆಟ್‌ನಿಂದ ಹಬೆ ಏಳುತ್ತಿತ್ತು. ಅಮ್ಮನೇ ಕರೆದು ತೋರಿಸಿದರು.

ನಲ್ಲಿ_ಪೈಪು:
ತುಂಬಾ ಖುಷಿಯಾಯ್ತು. ಹ್ಯಾಂಡ್ ಶವರ್ ಬಳಸಿದ ಮೇಲೆ ತಿರುಪನ್ನೇ ಮುಚ್ಚಬೇಕು, ಮನೆಯವರಿಗೆಲ್ಲ ಹೇಳಿ. ಕಾಯಿಲ್ ಅನ್ನು ರಾತ್ರಿಯಿಡೀ ಹಾಕೋದೂ ಬಿಡಿ. 200 ಲೀಟರ್ ನೀರನ್ನು 15 ಡಿಗ್ರಿ ಏರಿಸೋಕೆ ಸುಮಾರು ಮೂರೂವರೆ ಯೂನಿಟ್ ಬೇಕು. ದಿನಾ ಅಷ್ಟು ಅಂದರೆ ತಿಂಗಳಿಗೆ ನೂರು ಯೂನಿಟ್ ದಾಟುತ್ತೆ. ಅಲ್ಲದೆ ಟ್ಯಾಂಕ್ ಮೊದಲೇ ಕಾದಿದ್ದರೆ ಮರುದಿನದ ಬಿಸಿಲಿಗೆ ಕಾಯಿಸೋಕೆ ಏನು ಉಳಿಯುತ್ತೆ? ಮೋಡ ಇದ್ದ ದಿನ ಮಾತ್ರ, ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ.

ಇನ್ನೊಂದು ಮಾತು. ರಾತ್ರಿ ಪಾತ್ರೆ ತೊಳೆಯೋಕೆ ಬಿಸಿನೀರು ಬಳಸ್ತೀರಾ? ತೆಗೆದಷ್ಟೂ ತಣ್ಣೀರು ಟ್ಯಾಂಕ್‌ಗೆ ಇಳಿಯುತ್ತೆ, ಅದನ್ನು ಕಾಯಿಸೋಕೆ ಬೆಳಗಾಗೋವರೆಗೆ ಬಿಸಿಲಿಲ್ಲ.

ಹಾಸನದ_ಮನೆ:
ಬಳಸ್ತೀವಿ ಸರ್. ಇವತ್ತಿನಿಂದ ಪಾತ್ರೆ ಮಧ್ಯಾಹ್ನಕ್ಕೇ.